ನಾಲ್ಕು ಕರಟದ ಮೇಲೆ ಕೂತ ಕಂಪ್ಯೂಟರ್

ಹೋದ ತಿಂಗಳು ಬಿಳಿಗೆರೆಯ ಮನೆಯ ಅಟ್ಟ ಬಿಚ್ಚಿಸಿದೆವು. ಕಾಯಿ ಹಾಕಲು ಈಗ ಹಿತ್ತಲಲ್ಲಿ ಶೀಟಿನ ಶೆಡ್ಡು ಬಂದಿದೆ. ಮನೆಯೊಳಗಿನ ಅಟ್ಟ ಇಲಿಗಳ ಛತ್ರವಾಗಿತ್ತು. ಬಡಗಿ ಬಿದಿರಿನ ಗಳಗಳನ್ನು ಒಂದೊಂದಾಗಿ ಕೀಳುತ್ತಿದ್ದಂತೆ ಎಷ್ಟೋ ವರ್ಷದ ಧೂಳು ಕೆಳಗೆ ನಿಂತಿದ್ದ ನನ್ನ ತಲೆಯ ಮೇಲೆ ಸುರಿಯಿತು. ಒಣಗಿದ ಮಟ್ಟೆ, ಹಳೆಯ ಕೊಬ್ಬರಿ, ಸ್ವಲ್ಪ ಒಲೆಯ ಹೊಗೆ, ಮೂರೂ ಬೆರೆತ ವಾಸನೆ. ಬೇರೆಯವರಿಗೆ ಅದು ತೆಂಗಿನ ಸೀಮೆಯ ವಾಸನೆ. ನನಗೆ ಅದು ಕಂಪ್ಯೂಟರಿನ ವಾಸನೆ. ನಗಬೇಡಿ, ಕಾರಣ ಹೇಳುತ್ತೇನೆ.

ಬಡಗಿ ಮೂಲೆಯಿಂದ ಒಂದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬ ಇಳಿಸಿದ. ಒಳಗೆ ನಾಲ್ಕು ಅರ್ಧ ಕರಟಗಳಿದ್ದವು. ನಾಲ್ಕರ ಅಂಚನ್ನೂ ಕಲ್ಲಿಗೆ ಉಜ್ಜಿ ಒಂದೇ ಎತ್ತರಕ್ಕೆ ತಂದಿತ್ತು.

"ಒಲೆಗೆ ಹಾಕೋದಾ ಅಮ್ಮ?" ಎಂದ.

"ಮೊದ್ಲು ನಿನ್ನ ಹಾಕ್ತೀನಿ. ಇಲ್ಲಿ ಕೊಡಪ್ಪ" ಎಂದೆ. ಅವನು ನಗುತ್ತಾ ಕೊಟ್ಟ. ನಾನು ಮಾತ್ರ ನಗುತ್ತಿರಲಿಲ್ಲ.

ಅದು ಎಂಬತ್ತೇಳನೆಯ ಇಸವಿಯ ಬೇಸಿಗೆ. ನಾನು ತುರುವೇಕೆರೆಯವಳು. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ಬಿಳಿಗೆರೆಯ ತೆಂಗಿನ ತೋಟದ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಮನೆಯಲ್ಲಿ ಮೂರೇ ಜನ: ನಾನು, ನಮ್ಮ ಯಜಮಾನರು ಮಹೇಶ, ಅವರ ತಾಯಿ ಗೌರಮ್ಮ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ತೋಟದ ಆಡಳಿತ ಮಗನದು, ಅಟ್ಟದ ಆಡಳಿತ ತಾಯಿಯದು. ನನಗೆ ಯಾವ ಆಡಳಿತವೂ ಇರಲಿಲ್ಲ. ಆದರೆ ಮಾತು ಮಾತ್ರ ಇಬ್ಬರದಕ್ಕಿಂತ ಜೋರಾಗಿತ್ತು.

ಅಟ್ಟದ ಆಡಳಿತವೆಂದರೆ ಹುಡುಗಾಟವಲ್ಲ. ನಮ್ಮ ಕಡೆ ಕೊಬ್ಬರಿಗೆಂದು ಕಾಯಿ ಒಡೆದು ಬಿಸಿಲಿಗೆ ಹರವುವುದಿಲ್ಲ. ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತೇವೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಕೊನೆಗೆ ಕಾಯಿ ಅಲ್ಲಾಡಿಸಿದರೆ ಲೊಡಲೊಡ ಎನ್ನುವ ಇಡೀ ಕೊಬ್ಬರಿ ಗಿಟುಕಾಗುತ್ತದೆ. ಅಲ್ಲಿಯವರೆಗೆ ಅಟ್ಟ ಬೆಚ್ಚಗಿರಬೇಕು, ಒಣಗಿರಬೇಕು, ಹನಿ ನೀರು ತಾಕಬಾರದು. ಅತ್ತೆ ದಿನಕ್ಕೊಮ್ಮೆ ಏಣಿ ಹತ್ತಿ, ರಾಶಿಯೊಳಗೆ ಕೈ ತೂರಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಕೆಳಗಿಳಿದು ಬಂದು ಇವತ್ತು ಅಟ್ಟ ಹೇಗಿದೆ ಎಂದು ನಮಗೆ ಒಂದು ಮಾತು ಹೇಳುವರು. ನಾನು ವಿಜ್ಞಾನ ಓದಿದವಳು, ಒಳಗೊಳಗೇ ನಗುತ್ತಿದ್ದೆ.

ಆ ವರ್ಷದ ಸಂಕ್ರಾಂತಿಗೆ ಬೆಂಗಳೂರಿನ ಕಾರ್ಖಾನೆಯಲ್ಲಿದ್ದ ನನ್ನ ಅಣ್ಣ ಬಾಗಿನದ ಬದಲು ಒಂದು ಹೋಂ ಕಂಪ್ಯೂಟರ್ ತಂದುಕೊಟ್ಟ. ಅವನ ಜೊತೆಗಾರ ಬಳಸಿ ಬಿಟ್ಟದ್ದು. ಕಪ್ಪು ಬಣ್ಣ, ದಪ್ಪ ಪುಸ್ತಕದಷ್ಟು ಗಾತ್ರ, ಮೇಲೆಲ್ಲ ಗುಂಡಿಗಳು. ಅದಕ್ಕೆ ಸ್ವಂತ ಪರದೆ ಇರಲಿಲ್ಲ, ಮನೆಯ ಟೀವಿಗೆ ಸಿಕ್ಕಿಸಬೇಕು. ಬರೆದದ್ದನ್ನು ಉಳಿಸಿಕೊಳ್ಳಲು ಹಾಡು ಕೇಳುವ ಟೇಪ್ ರೆಕಾರ್ಡರು. ಹಿಂಬದಿಗೆ ನೆನಪಿನ ಶಕ್ತಿ ಹೆಚ್ಚಿಸುವ ಒಂದು ಪುಟ್ಟ ಪೆಟ್ಟಿಗೆಯನ್ನು ಕಚ್ಚಿಸಿದ್ದರು. ಅದು ಸ್ವಲ್ಪ ಸಡಿಲ. ಮೇಜು ಅಲ್ಲಾಡಿದರೆ ಸಾಕು, ಪರದೆಯ ತುಂಬ ಕಪ್ಪು ಬಿಳಿ ಚೌಕಗಳು ಕುಣಿದು, ಬರೆದದ್ದೆಲ್ಲ ಗೋವಿಂದ.

"ಹಾರ್ಮೋನಿಯಮ್ಮಾ?" ಎಂದು ಕೇಳಿದರು ಅತ್ತೆ.

"ಅಲ್ಲ ಅತ್ತೆ. ಲೆಕ್ಕ ಮಾಡುತ್ತೆ, ನೆನಪಿಟ್ಕೊಳ್ಳುತ್ತೆ."

"ಅಷ್ಟಕ್ಕೆ ನಾನಿಲ್ವ?"

ನನಗೆ ಅದು ಆಟದ ಸಾಮಾನಾಗಿರಲಿಲ್ಲ. ಅಂಚೆಯಲ್ಲಿ ಪಾಠ ಬರುವ ಒಂದು ವರ್ಷದ ಕಂಪ್ಯೂಟರ್ ಡಿಪ್ಲೊಮಾಗೆ ಸೇರಿದ್ದೆ. ತಿಪಟೂರಿನ ಒಂದು ಕಾಲೇಜಿನಲ್ಲಿ ಜೂನ್‌ನಿಂದ ಕಂಪ್ಯೂಟರ್ ಪಾಠ ಶುರುಮಾಡುವವರಿದ್ದರು. ಡಿಪ್ಲೊಮಾ ಕೈಯಲ್ಲಿದ್ದರೆ ಆ ಕೆಲಸ ನಿಮಗೇ ಎಂದು ಪ್ರಿನ್ಸಿಪಾಲರು ಬಾಯಿಬಿಟ್ಟು ಹೇಳಿದ್ದರು. ಉಳಿದಿದ್ದುದು ಒಂದೇ ಪರೀಕ್ಷೆ. ಸ್ವಂತ ಪ್ರೋಗ್ರಾಮ್ ಬರೆದು, ನಿಜವಾದ ಅಂಕಿಗಳನ್ನು ಹಾಕಿ, ಪೂರ್ತಿ ಓಡಿಸಿ, ಫಲಿತಾಂಶವನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಮೇ ಹತ್ತರೊಳಗೆ ಕಳಿಸಬೇಕು. ತಪ್ಪಿದರೆ ಇನ್ನೊಂದು ವರ್ಷ. ಇನ್ನೊಂದು ವರ್ಷ ಕಾಲೇಜು ನನಗಾಗಿ ಕಾಯುತ್ತದೆಯೇ? ನಾನು ಆಗಲೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ, ಜೂನ್‌ನಿಂದ ನಾನು ಕಾಲೇಜಿನ ಮೇಡಂ ಎಂದು.

ಅಂಕಿಗಳಿಗೆ ಬರವಿರಲಿಲ್ಲ. ಮಾವನ ಕಾಲದಿಂದ ನಮ್ಮ ತೋಟದ ಮರಗಳಿಗೆಲ್ಲ ನಂಬರಿತ್ತು. ಯಾವ ಕೊಯ್ಲಿಗೆ ಯಾವ ಮರ ಎಷ್ಟು ಕಾಯಿ ಬಿಟ್ಟಿತು ಎಂದು ಪುಸ್ತಕ ಇಟ್ಟಿದ್ದರು. ಏಳುನೂರು ಮರ. ಎಲ್ಲವನ್ನೂ ಹೆಚ್ಚು ಫಲದಿಂದ ಕಡಿಮೆ ಫಲಕ್ಕೆ ಸಾಲಾಗಿ ಜೋಡಿಸುವುದು ನನ್ನ ಪ್ರೋಗ್ರಾಮಿನ ಕೆಲಸ.

"ಬಾವಿ ಪಕ್ಕದ್ದು ಮೊದಲು, ಬೇಲಿ ಮೂಲೇದು ಕಡೆ. ನಡುವೆ ಇರೋವು ಬೇಕಾದ್ರೆ ಕೇಳು, ಹೇಳ್ತೀನಿ" ಎಂದರು ಅತ್ತೆ, ರಾಗಿ ಕೇರುತ್ತಾ.

"ಕಂಪ್ಯೂಟರ್ ಹೇಳ್ಬೇಕು ಅತ್ತೆ, ನೀವು ಹೇಳಿದ್ರೆ ಮಾರ್ಕ್ಸ್ ಕೊಡಲ್ಲ."

ಆ ಯಂತ್ರಕ್ಕೆ ಏಳುನೂರು ಮರ ಜೋಡಿಸಲು ಮೂರು ಗಂಟೆಗೂ ಹೆಚ್ಚು ಬೇಕು. ಒಂದೇ ಸಮನೆ ಓಡಬೇಕು. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಹಾಗಾದರೆ ತಂಪು ಹೊತ್ತಿನಲ್ಲಿ ಓಡಿಸಬಾರದೇ ಎಂದು ನೀವು ಕೇಳಬಹುದು. ಕರೆಂಟು ಕೊಡುವವರನ್ನು ಕೇಳಬೇಕಿತ್ತು ಅದನ್ನು. ಬೆಳಿಗ್ಗೆ ಕರೆಂಟಿಲ್ಲ. ಕತ್ತಲಾದ ಮೇಲೆ ಬಂದರೂ ಸುತ್ತಲಿನ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಎದ್ದು, ಬಲ್ಬು ಬೀಡಿಯ ಕೆಂಡದಂತಾಗುತ್ತಿತ್ತು. ಯಂತ್ರ ತಾಳುವಂಥ ನೆಟ್ಟಗಿನ ಕರೆಂಟು ಸಿಗುತ್ತಿದ್ದುದು ಹಗಲು ಹನ್ನೊಂದೂವರೆಯಿಂದ ನಾಲ್ಕರವರೆಗೆ. ಬಿಸಿಲು ನೆತ್ತಿ ಸುಡುವ ಹೊತ್ತೂ ಅದೇ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು. ಯುಗಾದಿ ಹೊತ್ತಿಗೆ ಯಂತ್ರ ಮುನಿಸಿಕೊಳ್ಳಲು ಶುರುಮಾಡಿತು. ಮೊದಲು ಒಂದು ಗಂಟೆ ಓಡಿ ನಿಂತಿತು. ಆಮೇಲೆ ನಲವತ್ತು ನಿಮಿಷ. ಏಪ್ರಿಲ್ ನಡುಭಾಗಕ್ಕೆ ಇಪ್ಪತ್ತೇ ನಿಮಿಷ. ಪರದೆ ಹೆಪ್ಪುಗಟ್ಟಿದಂತೆ ನಿಲ್ಲುವುದು, ಯಾವ ಗುಂಡಿ ಒತ್ತಿದರೂ ಉತ್ತರವಿಲ್ಲ. ಆಫ್ ಮಾಡಿ ಅರ್ಧ ದಿನ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುವುದು. ನಾನು ಪ್ರೋಗ್ರಾಮಿನಲ್ಲೇ ತಪ್ಪು ಹುಡುಕಿ ಹುಡುಕಿ ಕಣ್ಣು ಕೆಂಪು ಮಾಡಿಕೊಂಡೆ. ತಪ್ಪಿರಲಿಲ್ಲ. ನಾನು ಬರೆದದ್ದರಲ್ಲಿ ತಪ್ಪು ಇರುವುದಿಲ್ಲ ಎಂದು ಆಗಲೂ ಗೊತ್ತಿತ್ತು, ಈಗಲೂ ಗೊತ್ತು.

ಜೊತೆಗೆ ಬಂದಿದ್ದ ಪುಸ್ತಕದಲ್ಲಿ ಒಂದು ಸಾಲಿತ್ತು. ಹತ್ತು ಡಿಗ್ರಿಯಿಂದ ಮೂವತ್ತೈದು ಡಿಗ್ರಿವರೆಗಿನ ಶಾಖದಲ್ಲಿ ಬಳಸಿ ಎಂದು. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದ ಉಷ್ಣಮಾಪಕವನ್ನು ತಂದು ಕೋಣೆಯ ಬಾಗಿಲ ಪಕ್ಕ ನೇತು ಹಾಕಿದೆ. ಮೂವತ್ಮೂರು ತೋರಿಸಿತು. ಸರಿಯಾಗಿಯೇ ಇದೆಯಲ್ಲ! ಆ ಕೋಣೆಯನ್ನು ಆರಿಸಿದ್ದೂ ನಾನೇ. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ, ಗಾರೆ ನೆಲ, ಬರಿಗಾಲಿಟ್ಟರೆ ಹಾಯೆನಿಸುವ ತಂಪು. ಇಡೀ ಮನೆಯಲ್ಲಿ ಇದಕ್ಕಿಂತ ತಣ್ಣಗಿನ ಜಾಗವಿಲ್ಲ ಎಂದು ಎಲ್ಲರಿಗೂ ಪಾಠ ಹೇಳಿದ್ದೆ. ಅದರ ಮೇಲೇ ಅಟ್ಟ ಇತ್ತು ಎನ್ನುವುದು ನನಗೆ ಅಡ್ಡಿಯಾಗಿ ಕಂಡಿರಲಿಲ್ಲ.

ಮಹೇಶ ಕಿಟಕಿಗೆ ನೀರು ಚಿಮುಕಿಸಿದ ಗೋಣಿತಾಟು ಕಟ್ಟಿದರು. ನನಗೆ ನಿದ್ದೆ ಬರುವಷ್ಟು ತಂಪಾಯಿತು, ಯಂತ್ರಕ್ಕೆ ಏನೂ ಆಗಲಿಲ್ಲ.

ಕೊನೆಗೆ ಅವರು ತಿಪಟೂರಿಗೆ ಹೋಗಿ ರೇಡಿಯೋ ರಿಪೇರಿಯ ಖಾದರ್ ಸಾಹೇಬರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ಖಾದರ್ ಸಾಹೇಬರು ಕಂಪ್ಯೂಟರನ್ನು ನೋಡಿದ್ದೇ ಅವತ್ತು ಮೊದಲು. ಆದರೆ ಬಿಸಿಯಾದ ವಸ್ತುಗಳನ್ನು ಮೂವತ್ತು ವರ್ಷದಿಂದ ನೋಡಿದ್ದರು. ಬಾಗಿಲಲ್ಲೇ ನಿಂತು ಒಂದು ನಿಮಿಷ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಏನಮ್ಮಾ, ಮದುವೆ ಹೆಣ್ಣಿಗೆ ಮಾಡಿದಂಗೆ ಮಾಡಿದ್ದೀರಲ್ಲ ಇದಕ್ಕೆ!"

ಅವರು ಹೇಳಿದ್ದು ಸುಳ್ಳಲ್ಲ. ಆಗೆಲ್ಲ ನಮ್ಮ ಮನೆಗಳಲ್ಲಿ ರೇಡಿಯೋಗೊಂದು, ಟೀವಿಗೊಂದು ಬಟ್ಟೆ ಹೊಲಿಯುವುದು ಮರ್ಯಾದೆ. ಅಟ್ಟದಿಂದ ಸದಾ ಉದುರುವ ನಾರಿನ ಧೂಳು ತಾಕಬಾರದೆಂದು ನಾನು ಕೆಂಪು ಮಖಮಲ್ಲಿನ ಅಂಗಿ ಹೊಲಿದು, ಗುಂಡಿಗಳಷ್ಟೇ ಕಾಣುವಂತೆ ಕಿಟಕಿ ಬಿಟ್ಟು, ಸುತ್ತ ಮಣಿ ಪೋಣಿಸಿ ತೊಡಿಸಿದ್ದೆ. ಅಡಿಯಲ್ಲಿ ಮಹೇಶ ತೆಂಗಿನ ನಾರಿನ ದಪ್ಪ ಚಾಪೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದರು. ಒಡೆಯುವ, ಅಲುಗುವ ಏನೇ ಇರಲಿ, ನಾರಿನ ಮೇಲಿಟ್ಟರೆ ಕ್ಷೇಮ ಎಂಬುದು ತೆಂಗಿನವರ ನಂಬಿಕೆ. ಯಂತ್ರಕ್ಕೆ ಕರೆಂಟು ಇಳಿಸಿ ಕೊಡುವ ಇಟ್ಟಿಗೆಯಂಥ ಪೆಟ್ಟಿಗೆಯೂ ಅದೇ ಚಾಪೆಯಲ್ಲಿ ಬೆಚ್ಚಗೆ ಮಲಗಿತ್ತು. ಗಂಡ ಹೆಂಡತಿ ಇಬ್ಬರೂ ಸೇರಿ ಅದನ್ನು ಪ್ರೀತಿಯಿಂದ ಬೇಯಿಸಿದ್ದೆವು.

ಖಾದರ್ ಸಾಹೇಬರು ಯಂತ್ರವನ್ನು ತಿರುಗಿಸಿ ಅಡಿಯ ಸಣ್ಣ ಸೀಳುಗಳನ್ನು ತೋರಿಸಿದರು. ಒಂದೊಂದರಲ್ಲೂ ನಾರಿನ ತುಪ್ಪಟ. ತಿರುಪುಮೊಳೆ ಬಿಚ್ಚಿ ಒಳಗಿನದನ್ನು ತೋರಿಸಿದರು. ಒಂದು ಮೂಲೆಯಲ್ಲಿ ಅಲ್ಯೂಮಿನಿಯಂ ತಗಡು, ಅದಕ್ಕೆ ಅಂಟಿಕೊಂಡು ಬೆರಳಿನ ಉಗುರಿನಷ್ಟು ಒಂದು ಕಪ್ಪು ಬಿಲ್ಲೆ.

"ಇದೇ ಬಿಸಿಯಾಗೋದು. ಬಿಸಿಯಾಗಲಿ, ಅದರ ಹಣೆಬರಹ. ಆದ್ರೆ ಬಿಸಿ ಹೊರಗೆ ಹೋಗೋಕೆ ದಾರಿ ಬೇಕಲ್ಲ? ಕೆಳಗಿನ ಸೀಳಿಂದ ಗಾಳಿ ಬರ್ಬೇಕು, ಮೇಲಿನ ಸೀಳಿಂದ ಹೋಗ್ಬೇಕು. ನೀವು ಕೆಳಗೂ ಮುಚ್ಚಿದ್ದೀರಿ, ಮೇಲೂ ಮುಚ್ಚಿದ್ದೀರಿ."

"ಆದ್ರೆ ಸಾಹೇಬ್ರೇ, ಕೋಣೆ ಮೂವತ್ಮೂರೇ ಇದೆ" ಎಂದು ಉಷ್ಣಮಾಪಕ ತೋರಿಸಿದೆ.

"ಯಂತ್ರ ಬಾಗ್ಲಲ್ಲಿ ಕೂತಿದೆಯಾ?"

ಯಂತ್ರವನ್ನು ಮತ್ತೆ ಮುಚ್ಚಿ ಓಡಿಸಿ, ಉಷ್ಣಮಾಪಕವನ್ನು ತಂದು ಅದರ ಮಗ್ಗುಲಲ್ಲಿಟ್ಟರು. ನೋಡನೋಡುತ್ತಿದ್ದಂತೆ ನಲವತ್ತು ದಾಟಿತು. ಮೂರು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ನನ್ನ ಬಾಯಿ ಕಟ್ಟಿತು.

ಹೋಗುವ ಮುಂಚೆ ಅವರು ಮೂರು ಮಾತು ಹೇಳಿದರು. ಒದ್ದೆ ಗೋಣಿತಾಟು ಬಿಚ್ಚಿ, ಯಂತ್ರಕ್ಕೆ ಬೇಕಾದ್ದು ಗಾಳಿ, ತೇವ ಅಲ್ಲ. ಕರೆಂಟಿನ ಪೆಟ್ಟಿಗೆಯನ್ನು ದೂರ ನೆಲದ ಮೇಲಿಡಿ. ಆಗಾಗ ಯಂತ್ರದ ಬೆನ್ನಿನ ಮೇಲೆ ಅಂಗೈಯಿಟ್ಟು ಹತ್ತು ಎಣಿಸಿ. ಹತ್ತರವರೆಗೆ ಕೈ ನಿಂತರೆ ಓಡಲಿ, ಐದಕ್ಕೇ ಎಳೆದುಕೊಂಡರೆ ಆಫ್ ಮಾಡಿ. ಅತ್ತೆ ಕೂಡಲೇ ಬಂದು ಅಂಗೈಯಿಟ್ಟು ಮೂವತ್ತರವರೆಗೆ ಎಣಿಸಿದರು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಲಿ ಇಳಿಸುವ ಕೈ ಅದು. ಖಾದರ್ ಸಾಹೇಬರು ಕೈ ಮುಗಿದು, "ನಿಮ್ ಕೈ ಬ್ಯಾಡಮ್ಮ, ಸೊಸೆ ಕೈಯೇ ಇರ್ಲಿ" ಎಂದರು.

ಅವರು ಹೋದ ಮೇಲೆ ಯಂತ್ರವನ್ನು ಯಾವುದರ ಮೇಲೆ ಎತ್ತಿಡುವುದು ಎಂಬ ಚರ್ಚೆ. ಇಟ್ಟಿಗೆ ಎಂದರೆ ಧೂಳು. ಮರದ ತುಂಡು ಎಂದರೆ ಒಂದು ಮೇಲೆ ಒಂದು ಕೆಳಗೆ. ಅತ್ತೆ ಹಿತ್ತಲಿಗೆ ಹೋದರು. ಅರ್ಧ ಗಂಟೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಏನೋ ಉಜ್ಜುವ ಸದ್ದು ಕೇಳಿಸಿತು. ನಾಲ್ಕು ಅರ್ಧ ಕರಟ ತಂದು ಮೇಜಿನ ಮೇಲೆ ಬೋರಲು ಹಾಕಿ, ಯಂತ್ರವನ್ನು ಅದರ ಮೇಲೆ ಕೂರಿಸಿದರು. ಮಿಸುಕಲಿಲ್ಲ.

"ಅಟ್ಟಕ್ಕೆ ಹಲಗೆ ಯಾಕೆ ಹಾಕಲ್ಲ, ಗಳ ಯಾಕೆ ಹಾಕ್ತೀವಿ ಹೇಳು" ಎಂದರು.

"ಯಾಕೆ?"

"ಹಲಗೆ ಹಾಕಿದ್ರೆ ಅಡೀಲಿರೋ ಕಾಯಿ ಬೆವರ್ತೈತೆ. ಬೆವರಿದ್ದು ಕೊಳೀತೈತೆ. ಗಳದ ಸಂದೀಲಿ ಗಾಳಿ ಬಂದು, ರಾಶಿ ಒಳಗೆ ಓಡಾಡಿ, ಹೆಂಚಿನ ಸಂದೀಲಿ ಹೋಗ್ಬೇಕು. ಆ ಸಾಬ್ರು ಹೇಳಿದ್ದೂ ಅದೇ ಅಲ್ವ? ನಾನು ನಲವತ್ತೊರ್ಸದಿಂದ ಅದನ್ನೇ ಮಾಡ್ತಾ ಇವ್ನಿ. ಬಿ.ಎಸ್ಸಿ. ಓದಿಲ್ಲ, ಅಷ್ಟೇ ಕಣೇ."

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಯಾವುದು ಹೆಚ್ಚೆಂದು ಈಗ ಹೇಳಲಾರೆ.

ಕರಟದ ಮೇಲೆ ಕೂತ ಮೇಲೆ ಯಂತ್ರ ಒಂದೂವರೆ ಗಂಟೆ ಓಡಿತು. ಎರಡು ಗಂಟೆ ಓಡಿತು. ಮೂರು ಮಾತ್ರ ಮುಟ್ಟಲಿಲ್ಲ. ಮಧ್ಯಾಹ್ನ ಒಂದರ ಸುಮಾರಿಗೆ ಮೇಲಿನ ಅಟ್ಟ ಕಾದು, ಬಿಸಿ ಗಾಳಿ ಮೇಲೇಳಲು ಜಾಗವಿಲ್ಲದೆ ಕೋಣೆಯಲ್ಲೇ ನಿಂತುಬಿಡುತ್ತಿತ್ತು. ಆ ಮನೆಯನ್ನು ಕಟ್ಟಿದವರ ಲೆಕ್ಕವೇ ಅದು, ಅಟ್ಟ ಬೆಚ್ಚಗಿರಲಿ ಎಂದು. ಕೊಬ್ಬರಿಗೆ ಬೇಕಾದದ್ದು ನನಗೆ ಬೇಡವಾಗಿತ್ತು. ಯಂತ್ರವನ್ನು ಬೇರೆಡೆ ಒಯ್ಯೋಣವೆಂದರೆ ನೆಟ್ಟಗಿನ ಪ್ಲಗ್ಗು ಇದ್ದದ್ದು ಅಲ್ಲೊಂದೇ.

"ಅತ್ತೆ, ಅಟ್ಟದ ಮೇಲೆ ನಾಲ್ಕು ಹೆಂಚು ಸರಿಸಿದ್ರೆ ಬಿಸಿ ಹೋಗುತ್ತಲ್ವಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ಮೋಡ ಕಟ್ಟೋ ಕಾಲ್ದಲ್ಲಿ ಹೆಂಚು ತೆಗೀತಾರೇನೇ? ಹನಿ ಬಿದ್ರೆ ವರ್ಸದ ಕೊಬ್ಬರಿ ಕಪ್ಪಾಯ್ತದೆ. ಆ ಮಾತು ಬುಡು."

ಬಿಟ್ಟೆ. ಮೇ ಏಳು ಬಂತು. ಎಂಟನೆಯ ತಾರೀಖು ಅಂಚೆಗೆ ಹಾಕದಿದ್ದರೆ ಹತ್ತಕ್ಕೆ ಮುಟ್ಟುವುದಿಲ್ಲ. ಅಂದರೆ ಇವತ್ತೇ ಕಡೆಯ ಓಟ. ಬೆಳಿಗ್ಗೆಯೇ ಸಾರಿಬಿಟ್ಟೆ, "ಪ್ರೋಗ್ರಾಮ್ ಮುಗಿಯೋವರೆಗೆ ಯಾರೂ ಕೋಣೆಗೆ ಕಾಲಿಡಬಾರದು. ಅತ್ತೆ, ಅಟ್ಟ ಗಿಟ್ಟ ಅಂತ ಇವತ್ತು ಹತ್ತಬೇಡಿ. ಒಂದು ಕಾಯಿ ಉರುಳಿದ್ರೂ ಮೇಜು ಅದುರುತ್ತೆ. ಅಲ್ಲಾಡಿದ್ರೆ ಎಲ್ಲಾ ಹೋಯ್ತು."

"ಆಯ್ತವ್ವ" ಎಂದರು, ನೆಂದ ಅಕ್ಕಿ ರುಬ್ಬುತ್ತಾ.

ಹನ್ನೊಂದೂವರೆಗೆ ಕರೆಂಟು ಬಂತು. ಕ್ಯಾಸೆಟ್ಟಿನಿಂದ ಅಂಕಿಗಳನ್ನೆಲ್ಲ ಒಳಗೆ ತುಂಬುವುದಕ್ಕೇ ಇಪ್ಪತ್ತು ನಿಮಿಷ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಓಟ ಶುರುವಾಯಿತು. ನಾನು ಬಾಗಿಲು ಮುಂದೆ ಮಾಡಿಕೊಂಡು, ಉಷ್ಣಮಾಪಕವನ್ನು ಯಂತ್ರದ ಮಗ್ಗುಲಲ್ಲಿಟ್ಟು, ಕಾಲು ಗಂಟೆಗೊಮ್ಮೆ ಬರೆದುಕೊಳ್ಳುತ್ತಾ ಕೂತೆ. ಟೇಬಲ್ ಫ್ಯಾನನ್ನು ಬಾಗಿಲ ಸಂದಿನಿಂದ ಗಾಳಿ ಎಳೆಯುವಂತೆ ತಿರುಗಿಸಿಟ್ಟಿದ್ದೆ. ಒಂದು ಗಂಟೆಗೆ ಮೂವತ್ತಾರು. ಒಂದೂಕಾಲಿಗೆ ಮೂವತ್ತೇಳೂವರೆ. ಅಂಗೈ ಎಂಟು ಎಣಿಸುವಷ್ಟರಲ್ಲಿ ಎಳೆದುಕೊಂಡಿತು. ಇದೇ ಹೊತ್ತಿಗೆ ದಿನಾ ನಿಲ್ಲುತ್ತಿದ್ದುದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಹಾಗಾಯಿತು. ಅಳುವವಳಲ್ಲ ನಾನು. ಆದರೂ ಸೆರಗು ಬಾಯಿಗೆ ಹೋಯಿತು.

ಒಂದೂವರೆಗೆ ನೋಡಿದೆ, ಮೂವತ್ತೇಳು. ಒಂದೂಮುಕ್ಕಾಲಿಗೆ ಮೂವತ್ತಾರು. ಎರಡಕ್ಕೆ ಮೂವತ್ನಾಲ್ಕೂವರೆ! ಕೋಣೆಯಲ್ಲಿ ಗಾಳಿ ಆಡುತ್ತಿತ್ತು. ಬಾಗಿಲ ಸಂದಿನಿಂದ ಬಂದದ್ದು ನನ್ನ ಕಾಲು ಸವರಿ ಮೇಲೆ ಹೋಗುತ್ತಿದ್ದುದು ಚರ್ಮಕ್ಕೇ ತಿಳಿಯುತ್ತಿತ್ತು. ಟೇಬಲ್ ಫ್ಯಾನಿನ ಮೂತಿಗೆ ಮುತ್ತಿಡುವಷ್ಟು ಖುಷಿಯಾಯಿತು. ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ, ಫ್ಯಾನನ್ನು ಸರಿಯಾದ ಕೋನದಲ್ಲಿ ಇಟ್ಟಿದ್ದರಿಂದ ಶಾಖ ಮೂರು ಡಿಗ್ರಿ ಇಳಿಯಿತು ಎಂದು.

ಎರಡೂಮುಕ್ಕಾಲಿಗೆ ಗುಡುಗಿತು. ಭರಣಿ ಮಳೆ. ಆ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರೆಲ್ಲ ಆಕಾಶಕ್ಕೆ ಕೈ ಮುಗಿಯುವ ಹೊತ್ತಿನಲ್ಲಿ ನಾನೊಬ್ಬಳೇ, ಶಿವನೇ ಇನ್ನರ್ಧ ಗಂಟೆ ತಡಿಯಪ್ಪ ಎಂದು ಬೇಡಿಕೊಳ್ಳುತ್ತಿದ್ದೆ. ಮೊದಲ ಗಾಳಿಗೇ ಕರೆಂಟು ಹೋಗುವುದು ವಾಡಿಕೆ. ಅವತ್ತು ಹೋಗಲಿಲ್ಲ. ಹೆಂಚಿನ ಮೇಲೆ ಆಲಿಕಲ್ಲು ಬಿದ್ದಂತೆ ಮಳೆ ಬಾರಿಸಿತು. ಮೂರೂ ಹತ್ತಕ್ಕೆ ಪರದೆಯಲ್ಲಿ ಸಾಲುಗಳು ಒಂದೊಂದಾಗಿ ಮೇಲೇಳತೊಡಗಿದವು. ಮೊದಲ ಮರ, ಬಾವಿ ಪಕ್ಕದ್ದು. ಕಡೆಯ ಮರ, ಬೇಲಿ ಮೂಲೆಯದು. ಕ್ಯಾಸೆಟ್ಟಿಗೆ ತುಂಬಿದೆ, ಇನ್ನೊಂದು ಕ್ಯಾಸೆಟ್ಟಿಗೂ ತುಂಬಿದೆ, ಆಮೇಲೆ ಬಾಗಿಲು ತೆರೆದು ಕೂಗಿದ ಕೂಗು ತೋಟದಲ್ಲಿದ್ದ ಮಹೇಶರಿಗೂ ಕೇಳಿಸಿತಂತೆ.

ಅತ್ತೆ ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯ ಕಡೆಯಿಂದ ಬಂದರು. ತಲೆಯಿಂದ ನೀರು ಇಳಿಯುತ್ತಿತ್ತು. ಹಸಿರು ಸೀರೆ ಮೈಗಂಟಿ, ಬೆನ್ನ ಮೇಲೆಲ್ಲ ಕಂದು ಕಲೆ.

"ಏನತ್ತೆ ಇದು, ಈ ವಯಸ್ಸಲ್ಲಿ ಮಳೇಲಿ ನೆನೆಯೋದಾ?" ಎಂದು ಗದರಿದೆ.

"ಬಟ್ಟೆ ಎತ್ತಕ್ಕೆ ಹೋಗಿದ್ದೆ ಕಣೇ. ಆಯ್ತಾ ನಿಂದು?"

"ಆಯ್ತು! ನೀವು ಹೇಳಿದ್ದೇ ಸರಿ, ಬಾವಿ ಪಕ್ಕದ್ದೇ ಮೊದಲು."

"ಮೂರ್ ಗಂಟೆ ಬೇಕಾಯ್ತಾ ಅದಕ್ಕೆ?" ಎಂದು ನಕ್ಕು, ಮೈ ಒರೆಸಿಕೊಳ್ಳಲು ಹೋದರು.

ಕ್ಯಾಸೆಟ್ಟು ಸಮಯಕ್ಕೆ ಮುಟ್ಟಿತು. ಡಿಪ್ಲೊಮಾ ಬಂತು. ಜೂನ್‌ನಲ್ಲಿ ತಿಪಟೂರಿನ ಕಾಲೇಜಿಗೆ ಮೇಡಂ ಆಗಿ ಹೋದೆ. ಮೊದಲ ತರಗತಿಯಲ್ಲಿ ಕಂಪ್ಯೂಟರನ್ನು ತಂಪಾಗಿಡುವುದು ಹೇಗೆ ಎಂದು ಇಡೀ ಗಂಟೆ ಮಾತಾಡಿ, ಫ್ಯಾನಿನ ಕೋನವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ.

ಶ್ರಾವಣದಲ್ಲಿ ಅಟ್ಟದ ಕಾಯಿ ಇಳಿಸಲು ಶುರುಮಾಡಿದೆವು. ಸುಲಿಯುವವರು ಬಂದು ಮಟ್ಟೆ ಸುಲಿದು, ಕರಟ ಒಡೆದು ಗಿಟುಕು ತೆಗೆಯುತ್ತಿದ್ದರು. ರಾಶಿಗೆ ರಾಶಿ ಒಳ್ಳೆಯ ಕೊಬ್ಬರಿ. ಆದರೆ ಒಂದು ಕಡೆಯ ಕಾಯಿಗಳನ್ನು ಒಡೆದಾಗ ಒಳಗೆಲ್ಲ ಕಪ್ಪು, ಬೂಷ್ಟಿನ ವಾಸನೆ. ಮಹೇಶ ಮುಖ ಕೆಡಿಸಿಕೊಂಡರು.

"ಇದೇನವ್ವ, ನಿನ್ನ ಅಟ್ಟದಲ್ಲಿ ಯಾವತ್ತೂ ಹಿಂಗಾಗಿಲ್ಲ."

"ಹೆಂಚು ಒಡೆದಿತ್ತೇನೋ. ಬುಡ್ಲಾ" ಎಂದು ಅತ್ತೆ ಎದ್ದು ಒಳಗೆ ಹೋದರು.

ಅತ್ತೆ ಹಾಗೆ ಎದ್ದು ಹೋಗುವವರಲ್ಲ. ಅವರ ಅಟ್ಟದ ಬಗ್ಗೆ ಯಾರಾದರೂ ಮಾತೆತ್ತಿದರೆ ಸಂಜೆಯವರೆಗೆ ಜಗಳ ಕಾಯುವವರು. ನನಗೆ ಅನುಮಾನ ಬಂದು ಏಣಿ ಹತ್ತಿದೆ. ಸರಿಯಾಗಿ ನನ್ನ ಮೇಜಿನ ನೆತ್ತಿಯ ಮೇಲೆ, ಇನ್ನೂ ಇಳಿಸದೆ ಉಳಿದಿದ್ದ ಕಾಯಿಗಳನ್ನು ಎರಡೂ ಕಡೆಗೆ ಸರಿಸಿ ಒಬ್ಬರು ಕೂರುವಷ್ಟು ಜಾಗ ಮಾಡಿತ್ತು. ಅಲ್ಲಿ ಗಳದ ಮೇಲೆ ಗೋಣಿಚೀಲಗಳು, ಒಂದರ ಮೇಲೊಂದು ಆರೇಳು, ನೆಂದು ಒಣಗಿ ಹಲಗೆಯಂತೆ ಗಟ್ಟಿಯಾಗಿದ್ದವು. ತಲೆಯೆತ್ತಿದೆ. ನಾಲ್ಕು ಹೆಂಚು ತೆಗೆದು ಮತ್ತೆ ಹೊದಿಸಿದ ಗುರುತು. ಸಾಲು ಸ್ವಲ್ಪ ಸೊಟ್ಟ. ಒಳಗಿನಿಂದಲೇ ಹೊದಿಸಿದ್ದರೆ ಹೀಗಾಗುತ್ತದೆ.

ಇಳಿದು ಬಂದೆ. ಅತ್ತೆ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದರು.

"ಅತ್ತೆ, ಆವತ್ತು ಅಟ್ಟಕ್ಕೆ ಯಾವಾಗ ಹತ್ತಿದ್ರಿ?"

ಅವರು ಕೋಲು ನಿಲ್ಲಿಸಲಿಲ್ಲ. "ನೀನು ಬಾಗ್ಲು ಹಾಕ್ಕೊಳೋಕೆ ಮುಂಚೆ. ಅಡುಗೆಮನೆ ಕಡೆ ಏಣಿಯಿಂದ. ಬಿಸಿ ಹೆಚ್ಚಾದ್ರೆ ಬೇಕಾಯ್ತದೆ ಅಂತ."

"ಹೆಂಚು ತೆಗೀಬಾರದು ಅಂತ ನೀವೇ ಅಂದಿದ್ರಿ."

"ಕೆಳಗೆ ನೀನು ಮೂಗೆಳೆಯೋದು ಕೇಳಿಸ್ತು ಕಣೇ. ಒಂದೊಂದೇ ಸರಿಸ್ದೆ, ಸದ್ದಾಗ್ದಂಗೆ."

"ಮಳೆ ಬಂದಾಗಲಾದ್ರೂ ಮುಚ್ಚಬಾರದಿತ್ತಾ? ಕಾಯಿನಾದ್ರೂ ಇನ್ನಷ್ಟು ದೂರ ತಳ್ಳಬಾರದಿತ್ತಾ? ನಿಮ್ಮ ಕೊಬ್ಬರಿ ಹಾಳಾಯ್ತಲ್ಲ ಅತ್ತೆ!" ನನ್ನ ದನಿ ಏರಿತ್ತು. ಅಳು ಬಂದರೆ ನಾನು ಜಗಳದ ದನಿಯಲ್ಲೇ ಅಳುವುದು.

ಅತ್ತೆ ಕೋಲು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು. ಸಣ್ಣ ಮಗುವಿಗೆ ಹೇಳುವಂತೆ ಹೇಳಿದರು.

"ಹೆಂಚು ಸರಿಸೋದು ಕೂತೇ ಆಯ್ತದೆ, ಮುಚ್ಚಕ್ಕೆ ಏಳ್ಬೇಕು. ಎದ್ರೆ ಕಾಯಿ ಉರುಳ್ತಿತ್ತು. ಅಲ್ಲಾಡಿದ್ರೆ ಎಲ್ಲಾ ಹೋಯ್ತು ಅಂತ ನೀನೇ ಅಂದಿದ್ದೆಯಲ್ಲವ್ವ. ನೀರು ಕೆಳಗೆ ಬೀಳ್ದಂಗೆ ಚೀಲ ಹಿಡ್ಕಂಡು ಕೂತಿದ್ದೆ. ನಾನು ಅಲ್ಲಾಡ್ಲಿಲ್ಲ."